ಓಣಿ ಬೇಲಿ ಯಾರದು, ಸವರೋರು ಯಾರು?

ರಾಗಿ ಕೊಯ್ಲು ಮುಗೀತು, ಮೆದೆ ಹಾಕಿದ್ದೂ ಆಯ್ತು. ಒಕ್ಕಣೆಗೆ ಇನ್ನೂ ಸ್ವಲ್ಪ ದಿನ ಇದೆ. ಈ ಸಲ ಬೆಳೆ ವಿಚಾರ ಬರೀತಿಲ್ಲ, ಬೇಲಿ ವಿಚಾರ ಬರೀತಿದೀನಿ. ರಸ್ತೆ ಪಕ್ಕದ ಬೇಲಿ, ರಸ್ತೆ ಪಕ್ಕದ ಮರ, ಇವುನ್ನ ನೋಡ್ಕೊಳ್ಳೋದು ಯಾರ ಕೆಲಸ ಅನ್ನೋದು. ಬರಹ ಸ್ವಲ್ಪ ಉದ್ದ ಆಗಿದೆ, ಸಾವಕಾಶವಾಗಿ ಓದಿ. ನಮ್ಮ ಕುಣಿಗಲ್ ಸೀಮೆಯ ಪ್ರತಿ ಊರಲ್ಲೂ ಇರೋ ಸಮಸ್ಯೆ ಇದು.

ಹೋದ ತಿಂಗಳು ಒಂದು ಸಾಯಂಕಾಲ ನಮ್ಮ ಓಣಿ ತಿರುವಿನಲ್ಲಿ ಒಂದು ಆಕ್ಸಿಡೆಂಟ್ ಆಯ್ತು. ನಮ್ಮೂರ ಹುಡುಗ ಬೈಕಲ್ಲಿ ಡೈರಿಗೆ ಹಾಲು ಹಾಕೋಕೆ ಹೊರಟಿದ್ದ. ಒಂಬತ್ತನೇ ಕ್ಲಾಸಿನ ಹುಡುಗಿ ಸ್ಕೂಲ್ ಮುಗಿಸಿ ಸೈಕಲ್‌ನಲ್ಲಿ ಬರ್ತಿದ್ದಳು. ತಿರುವಿನಲ್ಲಿ ಇವನಿಗೆ ಅವಳು ಕಾಣಲಿಲ್ಲ, ಅವಳಿಗೆ ಇವನು ಕಾಣಲಿಲ್ಲ. ಮಗುವಿಗೆ ಭುಜದ ಮೂಳೆ ಮುರೀತು. ಹುಡುಗನಿಗೆ ಮಂಡಿ ಒಡೀತು. ಹಾಲೆಲ್ಲ ಮಣ್ಣುಪಾಲು. ದೇವರ ದಯೆ, ಇಬ್ಬರೂ ಬದುಕಿದ್ದಾರೆ.

ಮಾರನೇ ದಿನ ಅರಳಿಕಟ್ಟೆ ಹತ್ರ ಇದೇ ಮಾತು. ಒಬ್ರು ಪಂಚಾಯ್ತಿಯೋರು ಸರಿಯಿಲ್ಲ ಅಂದ್ರು. ಇನ್ನೊಬ್ರು ಹುಡುಗರು ಬೈಕ್ ಓಡಿಸೋದೇ ಹಂಗೆ ಅಂದ್ರು. ಮತ್ತೊಬ್ರು ಗಿಡ ಮುಟ್ಟಿದ್ರೆ ಅರಣ್ಯ ಇಲಾಖೆಯೋರು ಕೇಸ್ ಹಾಕ್ತಾರೆ, ಯಾರು ಸವರ್ತಾರೆ ಅಂದ್ರು. ನಾನೂ ಹೌದೌದು ಅಂತ ತಲೆ ಆಡಿಸ್ತಾ ಕೂತಿದ್ದೆ. ಆಗ ಆ ಹುಡುಗಿಯ ಅಜ್ಜಿ ಬಂದ್ರು. ಯಾರ ಕಡೆಗೂ ನೋಡಲಿಲ್ಲ, ನನ್ನ ಮುಂದೆ ನಿಂತ್ಕೊಂಡು, "ಬೇಲಿ ನಿಂದೇ ಅಲ್ವೇನಪ್ಪ? ನಿಮ್ಮಪ್ಪ ಇದ್ದಾಗ ಅದು ಹಿಂಗೆ ಬೆಳೀತಿರಲಿಲ್ಲ" ಅಂದ್ರು. ಬೈಯಲಿಲ್ಲ, ಅಷ್ಟೇ ಹೇಳಿ ಹೋದ್ರು.

ಆ ರಾತ್ರಿ ನಿದ್ದೆ ಬರಲಿಲ್ಲ. ಅವರು ಹೇಳಿದ್ದು ನಿಜ. ತಿರುವಿನಲ್ಲಿರೋ ಬೇಲಿ ನನ್ನ ಸರ್ವೆ ನಂಬರಿನದು. ನಾನು ಅದಕ್ಕೆ ಮಚ್ಚು ಹಾಕಿ ಎಂಟು ವರ್ಷ ಆಗಿತ್ತು. ಆಮೇಲೆ ಈ ವಿಚಾರವಾಗಿ ಸಿಕ್ಕಿದ್ದನ್ನೆಲ್ಲ ಓದಿದೆ, ತಿಳಿದೋರನ್ನ ಕೇಳಿದೆ, ನಕಾಶೆ ತೆಗೆಸಿ ನೋಡಿದೆ. ತಿಳಿದಿದ್ದನ್ನ ನಿಮ್ಮ ಮುಂದೆ ಇಡ್ತಿದೀನಿ.

ಮೊದಲು ನಮ್ಮಪ್ಪನ ಕಾಲ. ಅವರ ಲೆಕ್ಕದಲ್ಲಿ ಬೇಲಿ ಸವರೋದು ಉಳುಮೆ, ಬಿತ್ತನೆ ಥರಾನೇ ಬೇಸಾಯದ ಒಂದು ಕೆಲಸ. ಸುಗ್ಗಿ ಮುಗಿದು ಯುಗಾದಿ ಬರೋದರೊಳಗೆ ಒಂದು ಸಲ. ಮುಂಗಾರು ಬಿತ್ತನೆ ಮುಗಿದು ಶ್ರಾವಣದ ಹೊತ್ತಿಗೆ ಇನ್ನೊಂದು ಸಲ. ಓಣಿ ಎಷ್ಟು ಅಗಲ ಇರಬೇಕು ಅನ್ನೋದಕ್ಕೆ ಅವರ ಹತ್ರ ಟೇಪು ಇರಲಿಲ್ಲ. ರಾಗಿ ಹುಲ್ಲು ತುಂಬಿದ ಗಾಡಿ ಎರಡೂ ಕಡೆ ತಾಗದೆ ಹೋಗಬೇಕು, ಅದೇ ಅಳತೆ. ಗಾಡಿ ಹೋದ ಮೇಲೆ ಯಾರ ಬೇಲಿಯಲ್ಲಿ ಹುಲ್ಲು ಸಿಕ್ಕಿಕೊಂಡು ನೇತಾಡ್ತಿತ್ತೋ ಅವರಿಗೆ ಊರಲ್ಲಿ ನಾಚಿಕೆ. ಎದುರು ಬದುರು ಹೊಲದೋರು ಒಂದೇ ದಿನ ಬೇಲಿಗೆ ಇಳೀತಿದ್ರು. ಅವರ ಕಡೆ ಅವರದು, ನಮ್ಮ ಕಡೆ ನಮ್ಮದು.

ಹಳೇ ಕಾಲದೋರೆಲ್ಲ ಒಳ್ಳೇರು, ಈಗಿನೋರು ಕೆಟ್ಟೋರು ಅಂತ ನಾನು ಹೇಳ್ತಿಲ್ಲ. ಆಗ ಬೇಲಿಯಿಂದ ಮನೆಗೆ ವಸ್ತು ಬರ್ತಿತ್ತು. ಸವರಿದ ಲಂಟಾನ, ತಂಗಡಿ, ಜಾಲಿ ಎಲ್ಲಾ ಒಲೆಗೆ ಸೌದೆ. ಹೊಂಗೆ ಸೊಪ್ಪು ಗದ್ದೆಗೆ ತುಳಿಯೋಕೆ. ಗೊಬ್ಬರದ ಗಿಡದ ಸೊಪ್ಪು ತಿಪ್ಪೆಗೆ. ಕತ್ತಾಳೆ ಪಟ್ಟೆ ನೀರಲ್ಲಿ ಕೊಳೆ ಹಾಕಿ, ಬಡಿದು, ನಾರು ತೆಗೆದು ಹಗ್ಗ ಹೊಸೀತಿದ್ರು. ಬೇಲಿ ಸವರದೇ ಬಿಟ್ಟೋನಿಗೆ ಸೌದೆ ನಷ್ಟ, ಗೊಬ್ಬರ ನಷ್ಟ. ಹಿಂಗಾಗಿ ಯಾರೂ ನೋಟೀಸ್ ಕೊಡಬೇಕಾಗಿರಲಿಲ್ಲ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನು ಇದಕ್ಕಿಂತ ಹಿಂದಿನ ಚರಿತ್ರೆಗೆ ಹೋಗೋಣ.

ರಸ್ತೆ ಪಕ್ಕ ಮರ ನೆಡಿಸಿದ ರಾಜ ಅಂದ್ರೆ ಅಶೋಕ ಅಂತ ನಾವೆಲ್ಲ ಸ್ಕೂಲಲ್ಲಿ ಓದಿದೀವಿ. ಅದು ಬರೀ ಕಥೆ ಅಲ್ಲ, ಅವನೇ ಕೆತ್ತಿಸಿದ ಏಳನೇ ಸ್ತಂಭ ಶಾಸನದಲ್ಲಿ ಇದೆ. ಆ ಕಂಬ ಈಗ ದೆಹಲಿಯಲ್ಲಿದೆ. ಪಶುಗಳಿಗೂ ಮನುಷ್ಯರಿಗೂ ನೆರಳಾಗಲಿ ಅಂತ ದಾರಿಯಲ್ಲಿ ಆಲದ ಮರ ನೆಡಿಸಿದ್ದು, ಮಾವಿನ ತೋಪು ಮಾಡಿಸಿದ್ದು, ಬಾವಿ ತೋಡಿಸಿದ್ದು ಎಲ್ಲಾ ಅದರಲ್ಲಿ ಹೇಳಿದಾನೆ. ನಮ್ಮ ರಾಜ್ಯದಲ್ಲೂ ಮಸ್ಕಿ, ಬ್ರಹ್ಮಗಿರಿ, ಸನ್ನತಿ ಕಡೆ ಅವನ ಶಾಸನ ಇವೆ, ಆದ್ರೆ ಈ ಮರದ ಮಾತು ಇರೋದು ಆ ದೆಹಲಿ ಕಂಬದಲ್ಲಿ. ಅದನ್ನ ಓದುವಾಗ ನನಗೆ ಒಂದು ವಿಷಯ ಹೊಳೀತು. ಪಶುಗಳನ್ನೂ ಸೇರಿಸಿ ಹೇಳಿದಾನೆ. ಅಂದ್ರೆ ಆಗಲೇ ರಸ್ತೆ ಮರ ಅನ್ನೋದು ಗಾಡಿ ಎತ್ತಿಗೂ ಸೇರಿದ್ದು. ನೆಡಿಸಿದೋನು ರಾಜ ಅಂತ ಶಾಸನ ಹೇಳುತ್ತೆ. ಬೇಸಿಗೆಯಲ್ಲಿ ನೀರು ಹೊತ್ತು ಹಾಕಿದೋರು ಯಾರು ಅಂತ ಹೇಳಲ್ಲ. ಎರಡು ಸಾವಿರ ವರ್ಷಕ್ಕಿಂತ ಹಿಂದಿನ ಮಾತು, ಈಗಲೂ ಗಿಡ ನೆಡೋ ಕಾರ್ಯಕ್ರಮದ ಫೋಟೋದಲ್ಲಿ ಹಂಗೇ ಅಲ್ವಾ?

ಬೇಲಿಗೂ ದೊಡ್ಡ ಚರಿತ್ರೆ ಇದೆ. ಟಿಪ್ಪು ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಕಲ್ಲಿನ ಕೋಟೆ ಇದ್ದಿದ್ದು ಎಲ್ಲರಿಗೂ ಗೊತ್ತು. ಕೋಟೆಯಿಂದ ಆಚೆ, ಹೊಳೆ ದಾಟಿ, ದಟ್ಟವಾದ ಮುಳ್ಳು ಬೇಲಿಯೂ ಇತ್ತು. 1792ರ ಫೆಬ್ರವರಿ ರಾತ್ರಿ ಕಾರ್ನ್‌ವಾಲಿಸ್ ಸೈನ್ಯ ಮೇಲೆ ಬಿದ್ದಾಗ ಮೊದಲು ದಾಟಬೇಕಾಗಿ ಬಂದಿದ್ದು ಆ ಬೇಲಿಯನ್ನೇ. ಅಂದ್ರೆ ಜೀವಂತ ಬೇಲಿಗೆ ಸೈನ್ಯ ತಡೆಯೋ ಶಕ್ತಿ ಇದೆ ಅಂತ ಆಗಿನೋರು ನಂಬಿದ್ದರು.

ಇದಕ್ಕಿಂತ ದೊಡ್ಡದು ಉತ್ತರ ಭಾರತದಲ್ಲಿತ್ತು. ಬ್ರಿಟಿಷರು ಉಪ್ಪಿನ ಮೇಲೆ ಸುಂಕ ಹಾಕಿದ್ದರು. ಸುಂಕ ಕಟ್ಟದೆ ಉಪ್ಪು ಸಾಗಿಸಬಾರದು ಅಂತ ಸಿಂಧೂ ನದಿ ಕಡೆಯಿಂದ ಮಹಾನದಿ ಕಡೆವರೆಗೆ ಎರಡು ಸಾವಿರ ಮೈಲಿಗೂ ಹೆಚ್ಚು ಉದ್ದ ಒಂದು ಸುಂಕದ ಗಡಿ ಮಾಡಿದ್ರು. ಆ ಗಡಿಯ ಬಹಳ ಭಾಗದಲ್ಲಿ ಮುಳ್ಳಿನ ಬೇಲಿ. ಕೆಲವು ಕಡೆ ಒಣ ಮುಳ್ಳು, ಕೆಲವು ಕಡೆ ಜಾಲಿ, ಕಳ್ಳಿ ಥರದ ಜೀವಂತ ಗಿಡ. ಒಣ ಮುಳ್ಳನ್ನ ಗೆದ್ದಲು ತಿನ್ನುತ್ತೆ, ಪ್ರತಿ ವರ್ಷ ಹೊಸದು ಹಾಕಬೇಕು. ಹಂಗಾಗಿ ಜೀವಂತ ಬೇಲಿ ಬೆಳೆಸೋಕೆ ಬಹಳ ಪ್ರಯತ್ನ ಪಟ್ಟ ಸುಂಕದ ಕಮಿಷನರ್ ಅಲನ್ ಆಕ್ಟೇವಿಯನ್ ಹ್ಯೂಮ್. ಮುಂದೆ 1885ರಲ್ಲಿ ಕಾಂಗ್ರೆಸ್ ಕಟ್ಟಿದವರಲ್ಲಿ ಒಬ್ಬರು, ಅದೇ ಹ್ಯೂಮ್. 1869ರ ಹೊತ್ತಿಗೆ ಆ ಗಡಿ ಕಾಯೋಕೆ ಸುಮಾರು 12,000 ಜನ ಸಂಬಳದ ಮೇಲೆ ಇದ್ದರು. 1879ರಲ್ಲಿ ಸರ್ಕಾರ ಆ ಗಡಿಯನ್ನೇ ತೆಗೆದು ಹಾಕ್ತು. ಸಂಬಳ ನಿಂತಿತು, ಬೇಲಿಯೂ ಹೋಯ್ತು. ಅಕ್ಕಪಕ್ಕದ ರೈತರಿಗೆ ಆ ಬೇಲಿಯಿಂದ ತೊಂದರೆ ಬಿಟ್ಟರೆ ಏನೂ ಇರಲಿಲ್ಲ, ಯಾರು ಉಳಿಸ್ತಾರೆ? ಈಗ ಅದನ್ನ ಹುಡುಕಿದರೂ ಸಿಗೋದು ಕಷ್ಟ.

ಅದೇ 1879ರಲ್ಲಿ ಇನ್ನೊಂದು ಕೆಲಸ ಆಯ್ತು. ಮುಂಬೈ ಪ್ರಾಂತ್ಯದಲ್ಲಿ ಭೂಕಂದಾಯ ಕಾಯ್ದೆ ಬಂತು. ಆಗ ಧಾರವಾಡ, ಬೆಳಗಾವಿ, ವಿಜಾಪುರ ಎಲ್ಲಾ ಆ ಪ್ರಾಂತ್ಯಕ್ಕೆ ಸೇರಿದ್ದವು. ಆ ಕಾಯ್ದೆಯಲ್ಲಿ ರಸ್ತೆ ಬದಿ ಮರಕ್ಕೆ ಅಂತಲೇ ಒಂದು ಕಲಂ ಇತ್ತು. ಸರ್ಕಾರ ತನ್ನ ಖರ್ಚಿನಲ್ಲಿ ನೆಟ್ಟು ಬೆಳೆಸಿದ ರಸ್ತೆ ಮರ ಸರ್ಕಾರದ್ದು. ಆದ್ರೆ ಆ ಮರ ಯಾರ ಹಿಡುವಳಿ ನೆಲದಲ್ಲಿ ಬೆಳೆದಿದೆಯೋ, ಅದರ ಫಲ, ಸವರಿದ ಸೊಪ್ಪು ಸೌದೆ ಅವನಿಗೆ. ಮರ ಸತ್ತರೆ, ಗಾಳಿಗೆ ಬಿದ್ದರೆ, ಕಲೆಕ್ಟರ್ ಹೇಳಿ ಕಡಿಸಿದರೆ ಮರಮುಟ್ಟೂ ಅವನಿಗೇ. ಅಪ್ಪಣೆ ಇಲ್ಲದೆ ಮಾತ್ರ ಕೈ ಹಾಕೋಹಾಗಿಲ್ಲ. ನಮ್ಮ ಮೈಸೂರು ಸಂಸ್ಥಾನದಲ್ಲಿ 1888ರಲ್ಲಿ ಭೂಕಂದಾಯದ ಕಾಯ್ದೆ ಮಾಡಿದಾಗಲೂ ಮುಂಬೈಯದನ್ನೇ ಮಾದರಿ ಇಟ್ಕೊಂಡಿದ್ದರು. ರಾಜ್ಯ ಒಂದಾದ ಮೇಲೆ ಬಂದ 1964ರ ಭೂಕಂದಾಯ ಕಾಯ್ದೆಯಲ್ಲೂ ರಸ್ತೆ ಬದಿ ಮರದ ಕಲಂ ಇದೇ ರೀತಿ ಉಳೀತು.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸುಂಕದ ಬೇಲಿಗೆ 12,000 ಜನ ಕಾವಲು, ಆದ್ರೆ ಪಕ್ಕದ ರೈತನಿಗೆ ಅದರಲ್ಲಿ ಒಂದು ಕಡ್ಡಿಯೂ ಇಲ್ಲ. ಸಂಬಳ ನಿಂತ ದಿನವೇ ಮುಗೀತು. ಸಾಲುಮರಕ್ಕೆ ಅಷ್ಟು ಜನ ಕಾವಲಿಲ್ಲ, ಪಕ್ಕದ ರೈತನಿಗೆ ಸೊಪ್ಪು ಸೌದೆ, ಹುಣಸೆಹಣ್ಣು ಇತ್ತು. ಒಡೆತನ ಸರ್ಕಾರದ್ದು, ಫಲ ರೈತನದು. ಆ ಫಲದ ಆಸೆಗೆ ಅವನು ಅದರ ಮೇಲೆ ಕಣ್ಣಿಟ್ಟಿರ್ತಿದ್ದ. ನಮ್ಮಪ್ಪ ಬೇಲಿಯನ್ನ ನೋಡ್ಕೊಂಡಿದ್ದೂ ಇದೇ ಲೆಕ್ಕದಲ್ಲಿ.

ಇನ್ನು ಓಣಿ ಯಾರದು ಅನ್ನೋ ಪ್ರಶ್ನೆ. ಮೈಸೂರು ಸಂಸ್ಥಾನದಲ್ಲಿ ಕಮಿಷನರ್ ಬೌರಿಂಗ್ ಕಾಲದಲ್ಲಿ, 1863ರಲ್ಲಿ, ಸರ್ವೆ ಮತ್ತು ಸೆಟ್ಲ್‌ಮೆಂಟ್ ಶುರು ಆಯ್ತು. ಹೊಲ ಹೊಲ ಅಳೆದು, ನಂಬರ್ ಕೊಟ್ಟು, ಮೂಲೆಗೆ ಬಾಂದು ಕಲ್ಲು ನೆಟ್ಟು, ಊರಿಗೊಂದು ನಕಾಶೆ ಬರೆದರು. ಅದಕ್ಕೆ ಮೊದಲು ದಾರಿ ಅನ್ನೋದು ಬಾಯಿ ಮಾತಲ್ಲಿತ್ತು. ನಕಾಶೆಗೆ ಬಂದ ಮೇಲೆ ಅದು ಸರ್ಕಾರದ ಗೆರೆ ಆಯ್ತು. ಪಹಣಿಯಲ್ಲಿ ಖರಾಬು ಅಂತ ಒಂದು ಕಾಲಂ ಇದೆಯಲ್ಲ, ಅದರಲ್ಲಿ ಎ ಖರಾಬು ಅಂದ್ರೆ ಬೇಸಾಯಕ್ಕೆ ಬಾರದ ನೆಲ. ಬಿ ಖರಾಬು ಅಂದ್ರೆ ದಾರಿ, ಹಳ್ಳ, ಸ್ಮಶಾನ ಇಂಥ ಸಾರ್ವಜನಿಕ ಕೆಲಸಕ್ಕೆ ಬಿಟ್ಟ ನೆಲ. ಬಿ ಖರಾಬು ನಮ್ಮ ನಂಬರಿನ ಒಳಗೇ ಇದ್ದರೂ ನಮ್ಮದಲ್ಲ. ಸಾರ್ವಜನಿಕ ರಸ್ತೆ, ಓಣಿ, ದಾರಿ ಸರ್ಕಾರಕ್ಕೆ ಸೇರಿದ್ದು ಅಂತ 1964ರ ಕಾಯ್ದೆಯಲ್ಲೇ ಇದೆ.

ಇದನ್ನ ಓದಿದ ಮೇಲೆ ನಾನು ನಕಾಶೆ ಇಟ್ಕೊಂಡು, ಸರ್ವೆ ಗೊತ್ತಿರೋರನ್ನ ಕರ್ಕೊಂಡು ಓಣಿಗೆ ಹೋದೆ. ಬಾಂದು ಕಲ್ಲು ಹುಡುಕಿದ್ವಿ. ಒಂದು ಗಂಟೆ ಲಂಟಾನ ಕಡಿದ ಮೇಲೆ ಕಲ್ಲು ಸಿಕ್ತು. ಕಲ್ಲಿಂದ ಓಣಿ ಕಡೆಗೆ ಐದು ಅಡಿ ಬೇಲಿ ಬೆಳೆದಿತ್ತು. ನಾನು ಇಷ್ಟು ದಿನ ಬೇಲಿ ಒಳಗಡೆಯಿಂದ ನೋಡ್ತಿದ್ದೆ, ನನ್ನ ಹೊಲ ಹೊಲದ ಅಳತೆಯಲ್ಲೇ ಇತ್ತು. ಬೇಲಿ ಆಚೆ ಕಡೆಗೆ ಬೆಳೀತಾ ಬೆಳೀತಾ ಸರ್ಕಾರಿ ದಾರಿ ನುಂಗಿತ್ತು. ಎದುರುಗಡೆಯೋರದ್ದು ಮೂರು ಅಡಿ. ಹದಿನೆಂಟು ಅಡಿ ಇರಬೇಕಾದ ಓಣಿ ಆ ತಿರುವಿನಲ್ಲಿ ಹತ್ತೇ ಅಡಿ ಉಳಿದಿತ್ತು. ನಾನು ಬೇಕು ಅಂತ ಒತ್ತುವರಿ ಮಾಡಿಲ್ಲ. ಸುಮ್ಮನಿದ್ದೆ, ಅಷ್ಟಕ್ಕೇ ಒತ್ತುವರಿ ಆಗಿತ್ತು.

ಬೇಲಿ ಗಿಡವನ್ನ ಸುಮ್ಮನೆ ಬಿಟ್ರೆ ಏನಾಗುತ್ತೆ ಅನ್ನೋದಕ್ಕೆ ಹಳೇ ಉದಾಹರಣೆ ಪಾಪಾಸು ಕಳ್ಳಿ. ಬೇರೆ ದೇಶದಿಂದ ಬಂದ ಗಿಡ, ಬೇಲಿಗೆ ಒಳ್ಳೇದು ಅಂತ ಬೆಳೆಸಿದ್ರು. ಸವರೋರಿಲ್ಲದ ಕಡೆ ಹಬ್ಬಿ ಹಬ್ಬಿ ದಕ್ಷಿಣ ಭಾರತದಲ್ಲಿ ಹುಲ್ಲುಗಾವಲು, ದಾರಿ ಎಲ್ಲಾ ಮುಚ್ಚಿಕೊಳ್ತು. ಕೊನೆಗೆ 1926ರಲ್ಲಿ ಸಿಲೋನಿನಿಂದ ಒಂದು ಜಾತಿಯ ಬಿಳೀ ಹುಳ ತಂದು ಮದರಾಸು ಪ್ರಾಂತ್ಯದಲ್ಲಿ ಬಿಟ್ಟು ಅದನ್ನ ಹತೋಟಿಗೆ ತಂದರು. ಈಗ ಅದೇ ಜಾಗಕ್ಕೆ ಲಂಟಾನ, ಬಳ್ಳಾರಿ ಜಾಲಿ ಬಂದು ಕೂತಿವೆ. ಇವಕ್ಕೆ ಹುಳದ ದಾರಿ ಕಾಯೋಕಾಗಲ್ಲ, ಮಚ್ಚೇ ದಾರಿ.

ಹಾಗಾದ್ರೆ ಹಳೇ ಏರ್ಪಾಡು ಯಾವಾಗ ಮುರೀತು? ಒಂದೇ ದಿನ ಮುರಿದಿಲ್ಲ. ಗ್ಯಾಸ್ ಬಂತು, ಸೌದೆ ಬೇಡ ಆಯ್ತು. ಯೂರಿಯಾ ಬಂತು, ಸೊಪ್ಪು ಬೇಡ ಆಯ್ತು. ಪ್ಲಾಸ್ಟಿಕ್ ಹಗ್ಗ ಬಂತು, ಕತ್ತಾಳೆ ಬೇಡ ಆಯ್ತು. ತಂತಿ ಬೇಲಿ ಬಂತು, ಹಸಿರು ಬೇಲಿ ಹೊಲ ಕಾಯೋ ಕೆಲಸದಿಂದಲೂ ರಿಟೈರ್ ಆಯ್ತು. ಎತ್ತಿನ ಗಾಡಿ ಹೋದ ಮೇಲೆ ಹುಲ್ಲು ಸಿಕ್ಕಿಕೊಳ್ಳೋ ನಾಚಿಕೆಯೂ ಹೋಯ್ತು. ಕೂಲಿಯೋರು ಸಿಗಲ್ಲ, ಸಿಕ್ಕಿದ್ರೂ ಬೇಲಿಗೆ ಯಾರು ಕೂಲಿ ಕೊಡ್ತಾರೆ? ಬೇಲಿಯಿಂದ ಬರೋ ಲಾಭ ಪೂರ್ತಿ ನಿಂತ ಮೇಲೆ ಉಳಿದಿದ್ದು ಬರೀ ಹೊಣೆ. ಬರೀ ಹೊಣೆಯನ್ನ ಯಾರೂ ಕೈ ಎತ್ತಿ ತಗೊಳಲ್ಲ. ಪಂಚಾಯ್ತಿ ಕಡೆ ಬೆರಳು ತೋರಿಸ್ತೀವಿ. ನಾನೂ ತೋರಿಸಿದೆ.

ಇದರ ಜೊತೆಗೆ ಒಂದು ಹೆದರಿಕೆ ಸೇರ್ಕೊಂಡಿದೆ. ಗಿಡ ಮುಟ್ಟಿದ್ರೆ ಕೇಸು ಅನ್ನೋದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂದಿದ್ದು ಮರ ಉಳಿಯಲಿ ಅಂತ, ಅದು ಬೇಕಾಗಿತ್ತು ಕೂಡ. ಮರ ಕಡಿಯೋಕೆ ವೃಕ್ಷ ಅಧಿಕಾರಿ ಅಪ್ಪಣೆ ಬೇಕು. ಆದ್ರೆ ಮರ ಸತ್ತಿದ್ದರೆ, ರೋಗ ಬಿದ್ದಿದ್ದರೆ, ಗಾಳಿಗೆ ಬಿದ್ದಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯ ಇದ್ದರೆ, ಓಡಾಟಕ್ಕೆ ಅಡ್ಡ ಆಗಿದ್ದರೆ ಅಪ್ಪಣೆ ಕೊಡೋಕೆ ಅದೇ ಕಾಯ್ದೆಯಲ್ಲಿ ದಾರಿ ಇದೆ. ನಾವು ಅರ್ಜಿಯನ್ನೇ ಕೊಡಲ್ಲ. ಲಂಟಾನ ಪೊದೆಗೂ ಆಲದ ಮರಕ್ಕೂ ಒಂದೇ ಹೆದರಿಕೆ ಇಟ್ಕೊಂಡು ಎರಡನ್ನೂ ಬಿಟ್ಟು ಕೂತಿದೀವಿ.

ಕರೆಂಟ್ ಲೈನಿನ ವಿಚಾರವೂ ಹೇಳಬೇಕು. ಲೈನ್‌ಮನ್ ಬಂದು ತಂತಿ ಕೆಳಗಿನ ಕೊಂಬೆ ಕಡಿದು ಓಣಿಯಲ್ಲೇ ಬಿಟ್ಟು ಹೋಗ್ತಾರೆ ಅಂತ ನಮ್ಮ ಜನ ಬೈತಾರೆ. ಇದರ ಮೂಲ 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿದೆ. ತಂತಿಗೆ ಅಡ್ಡ ಬರೋ ಮರ ತೆಗೆಸೋಕೆ ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಕೊಟ್ಟರು. ಆದ್ರೆ ತಂತಿ ಎಳೆಯೋಕೆ ಮೊದಲೇ ಆ ಮರ ಅಲ್ಲಿತ್ತು ಅಂದ್ರೆ, ಮರದೋನಿಗೆ ಪರಿಹಾರ ಕೊಡಿಸಬೇಕು ಅಂತಲೂ ಬರೆದರು. 2003ರ ವಿದ್ಯುತ್ ಕಾಯ್ದೆಯಲ್ಲೂ ಇದೇ ನ್ಯಾಯ ಇದೆ. ಮೊದಲು ಬಂದೋರು ಯಾರು, ಆಮೇಲೆ ಬಂದೋರು ಯಾರು ಅನ್ನೋ ಲೆಕ್ಕ. ನಮ್ಮ ಹಿರಿಯರು ಕಟ್ಟೆ ನ್ಯಾಯ ಮಾಡುವಾಗ ಕೇಳ್ತಿದ್ದ ಮೊದಲ ಪ್ರಶ್ನೆಯೂ ಇದೇ.

ಅನಾಹುತ ಆದ್ರೆ ಯಾರ ತಲೆಗೆ ಬರುತ್ತೆ? ಇದಕ್ಕೆ ಒಂದು ಕೋರ್ಟ್ ಕಥೆ ಇದೆ. 1964ರಲ್ಲಿ ದೆಹಲಿಯಲ್ಲಿ ಒಬ್ಬ ಸ್ಕೂಟರಲ್ಲಿ ಹೋಗ್ತಿದ್ದ. ರಸ್ತೆ ಬದಿಯ ಬೇವಿನ ಮರದ ಕೊಂಬೆ ಮುರಿದು ತಲೆ ಮೇಲೆ ಬಿತ್ತು, ಪ್ರಾಣ ಹೋಯ್ತು. ಮನೆಯೋರು ದೆಹಲಿ ಮಹಾನಗರ ಪಾಲಿಕೆ ಮೇಲೆ ಕೇಸ್ ಹಾಕಿದ್ರು. ಸುಪ್ರೀಂ ಕೋರ್ಟಿನಲ್ಲಿ ಅದು ತೀರ್ಮಾನ ಆಗಿದ್ದು 1999ರಲ್ಲಿ. ರಸ್ತೆ ಪಕ್ಕ ಮರ ಇಟ್ಕೊಂಡೋರು ಅದನ್ನ ನೋಡ್ಕೋಬೇಕು, ನೋಡಿದ್ರೆ ತಿಳಿಯೋ ಅಪಾಯವನ್ನ ನೋಡದೇ ಬಿಟ್ಟರೆ ಹೊಣೆ ಅವರದೇ ಅನ್ನೋ ನ್ಯಾಯದ ಮೇಲೆ ಪಾಲಿಕೆಯೇ ಪರಿಹಾರ ಕೊಡಬೇಕು ಅಂತ ಆಯ್ತು. ಮೂವತ್ತೈದು ವರ್ಷ! ಅಷ್ಟು ವರ್ಷ ಆ ಮನೆಯ ಹೆಣ್ಣುಮಕ್ಕಳು ಹೆಂಗೆ ಬದುಕಿದ್ರೋ.

ಈ ನ್ಯಾಯ ಸರ್ಕಾರಕ್ಕೆ ಮಾತ್ರ ಅಲ್ಲ, ಮರ ನಮ್ಮದಾದ್ರೆ ನಮಗೂ ಅದೇ. ದಾರಿಯಲ್ಲಿ ಹೋಗೋರ ಮೇಲೆ ಬೀಳೋ ಹಾಗಿರೋ ಮರವನ್ನ ತೆಗೆ, ಇಲ್ಲಾ ಆಧಾರ ಕೊಡು ಅಂತ ಅದರ ಒಡೆಯನಿಗೆ ಆಜ್ಞೆ ಮಾಡೋ ಅಧಿಕಾರ ತಾಲ್ಲೂಕು, ಉಪವಿಭಾಗದ ಮ್ಯಾಜಿಸ್ಟ್ರೇಟರಿಗೆ ಇದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 133ನೇ ಕಲಂ, ಈಗಿನ ಹೊಸ ಸಂಹಿತೆಯಲ್ಲಿ 152. ದಾರಿಗೆ ಅಡ್ಡ ಬಂದಿದ್ದನ್ನ ತೆಗೆಸೋಕೂ ಅದೇ ಕಲಂ. ಅಂದ್ರೆ ನನ್ನ ಬೇಲಿಗೆ ಆ ನೋಟೀಸ್ ಬಂದಿದ್ರೆ ನಾನು ಬಾಯಿ ಮುಚ್ಕೊಂಡು ಸವರಬೇಕಾಗಿತ್ತು. ಯಾರೂ ದೂರು ಕೊಡಲಿಲ್ಲ, ಅದು ನಮ್ಮೂರ ಜನದ ದೊಡ್ಡತನ.

ಪಂಚಾಯ್ತಿಗೆ ಹೊಣೆ ಇಲ್ವಾ ಅಂದ್ರೆ, ಇದೆ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಗ್ರಾಮ ಪಂಚಾಯ್ತಿ ಕೆಲಸಗಳ ಪಟ್ಟಿ ಇದೆ. ರಸ್ತೆ ಬದಿ ಮತ್ತು ತನ್ನ ವಶದಲ್ಲಿರೋ ಸಾರ್ವಜನಿಕ ಜಾಗದಲ್ಲಿ ಮರ ನೆಡೋದು, ಕಾಪಾಡೋದು ಅದರಲ್ಲಿ ಸೇರಿದೆ. ಹಂಗಾಗಿ ಓಣಿಯಲ್ಲಿರೋ ಮರಕ್ಕೆ ಅವರನ್ನ ಕೇಳೋ ಹಕ್ಕು ನಮಗಿದೆ. ಆದ್ರೆ ನಮ್ಮ ನಂಬರಿನಿಂದ ಹೊರಟು ಓಣಿಗೆ ಚಾಚಿದ ಬೇಲಿಗೆ ಅವರನ್ನ ಬೈಯೋ ಹಕ್ಕು ಇಲ್ಲ.

ಇಷ್ಟು ಹೊತ್ತು ಲಾಭ ಇದ್ದ ಕಡೆ ಹೊಣೆ ಇತ್ತು ಅಂತ ಹೇಳ್ಕೊಂಡು ಬಂದೆ. ನನ್ನ ಈ ಲೆಕ್ಕವನ್ನ ತಪ್ಪು ಮಾಡಿದೋರು ಒಬ್ರು ನಮ್ಮ ಪಕ್ಕದಲ್ಲೇ ಇದ್ದರು. ಸಾಲುಮರದ ತಿಮ್ಮಕ್ಕ. ಮಾಗಡಿ ತಾಲ್ಲೂಕು ಹುಲಿಕಲ್‌ನೋರು. ಕೂಲಿ ಮಾಡಿ ಬದುಕ್ತಿದ್ದ ಗಂಡ ಹೆಂಡತಿ, ಮಕ್ಕಳಿರಲಿಲ್ಲ. ಮೊದಲ ವರ್ಷ 10 ಆಲದ ಸಸಿ ನೆಟ್ಟರು, ಮುಂದಿನ ವರ್ಷ 15, ಆಮೇಲೆ 20. ಹಂಗೇ ಹುಲಿಕಲ್‌ನಿಂದ ಕುದೂರಿನವರೆಗೆ ಸುಮಾರು ನಾಲ್ಕು ಕಿಲೋಮೀಟರ್ ದಾರಿಗೆ 385 ಮರ ಆದವು. ಸಸಿಗೆ ಬಿಂದಿಗೆಯಲ್ಲಿ ನೀರು ಹೊತ್ತರು. ದನ ಮೇಯದ ಹಾಗೆ ಒಂದೊಂದು ಸಸಿಗೂ ಮುಳ್ಳಿನ ಬೇಲಿ ಕಟ್ಟಿದರು. ರಸ್ತೆ ಅವರದಲ್ಲ, ಪಕ್ಕದ ಹೊಲ ಅವರದಲ್ಲ, ಸೊಪ್ಪು ಸೌದೆಯ ಹಕ್ಕೂ ಅವರದಲ್ಲ. 1991ರಲ್ಲಿ ಗಂಡ ಚಿಕ್ಕಯ್ಯ ತೀರಿಕೊಂಡರು. ಆಮೇಲೆ ಸರ್ಕಾರ ಆ ಮರಗಳ ಹೊಣೆ ವಹಿಸ್ಕೊಳ್ತು. 2019ರಲ್ಲಿ ತಿಮ್ಮಕ್ಕನಿಗೆ ಪದ್ಮಶ್ರೀ ಬಂತು. ಅದೇ ವರ್ಷ ಬಾಗೇಪಲ್ಲಿ-ಹಲಗೂರು ರಸ್ತೆ ಅಗಲ ಮಾಡೋ ಯೋಜನೆಯಿಂದ ಆ ಮರಗಳಿಗೇ ಕುತ್ತು ಬಂತು. ಆ ವಯಸ್ಸಲ್ಲಿ ಮರ ಉಳಿಸಿ ಅಂತ ಮುಖ್ಯಮಂತ್ರಿ ಹತ್ರ ಕೇಳ್ಕೊಂಡರು. 2025ರ ನವೆಂಬರ್‌ನಲ್ಲಿ ತೀರಿಕೊಂಡರು.

ನಾನು ಆ ದಾರಿಯಲ್ಲಿ ಎಷ್ಟೋ ಸಲ ಓಡಾಡಿದೀನಿ. ಬಿಸಿಲಲ್ಲಿ ಗಾಡಿ ನಿಲ್ಲಿಸಿ ನೆರಳಲ್ಲಿ ಕೂತಿದೀನಿ. ಈ ಸಲ ನೆನೆಸ್ಕೊಂಡಾಗ ನಾಚಿಕೆ ಆಯ್ತು. ಅವರು ತಮ್ಮದಲ್ಲದ ರಸ್ತೆಗೆ ನೀರು ಹೊತ್ತರು. ನಾನು ನನ್ನದೇ ಬೇಲಿಗೆ ಮಚ್ಚು ಎತ್ತಲಿಲ್ಲ.

ಎಲ್ಲರೂ ತಿಮ್ಮಕ್ಕ ಆಗೋಕಾಗಲ್ಲ. ನಮ್ಮಂಥೋರಿಗೆ ಬೇಲಿಯಿಂದ ಮತ್ತೆ ಏನಾದ್ರೂ ಮನೆಗೆ ಬರೋಹಾಗೆ ಮಾಡ್ಕೊಂಡರೆ ಮಾತ್ರ ಈ ಕೆಲಸ ವರ್ಷ ವರ್ಷ ನಡೆಯುತ್ತೆ. ನಾನು ಮಾಡಿದ್ದು ಹೇಳ್ತೀನಿ. ತಿರುವಿನಿಂದ ಎರಡೂ ಕಡೆ ನೂರು ಅಡಿ ಬೇಲಿಯನ್ನ ಬಾಂದು ಕಲ್ಲಿನ ಗೆರೆವರೆಗೆ ಹಿಂದಕ್ಕೆ ಸರಿಸಿದೆ. ತಿರುವಿನಲ್ಲಿ ಸೊಂಟದ ಎತ್ತರಕ್ಕೆ ಸವರಿದೆ, ಸೈಕಲ್ ಮೇಲಿರೋ ಮಗು ಕಾಣಬೇಕು. ಲಂಟಾನ ಬೇರು ಸಮೇತ ಕಿತ್ತು ಅಲ್ಲಿ ಗೊಬ್ಬರದ ಗಿಡದ ಕಡ್ಡಿ ಊರೋಕೆ ಜಾಗ ಮಾಡಿದೀನಿ, ಮಳೆ ಬಂದಾಗ ಊರ್ತೀನಿ. ಅದರ ಸೊಪ್ಪು ತೆಂಗಿನ ಬುಡಕ್ಕೆ ಮುಚ್ಚಿಗೆ ಆಗುತ್ತೆ, ಮೇಕೆಗೂ ಆಗುತ್ತೆ. ಸವರಿದ ಸೊಪ್ಪನ್ನ ಓಣಿಯಲ್ಲಿ ಬಿಟ್ಟಿಲ್ಲ, ಬೆಂಕಿಯನ್ನೂ ಇಟ್ಟಿಲ್ಲ, ತೋಟಕ್ಕೆ ಸಾಗಿಸಿದೀನಿ. ಬೇಲಿ ಪೂರ್ತಿ ತೆಗೆದು ಕಲ್ಲು ಕಂಬ ನೆಡು ಅಂತ ಮಗ ಅಂದ. ಬೇಡ ಅಂದೆ. ಗೌಜಲ ಹಕ್ಕಿ, ಮುಂಗುಸಿ ಎಲ್ಲಾ ಅದರಲ್ಲೇ ಇರೋದು. ಗಾಳಿ ತಡೆಯೋದೂ ಅದೇ.

ಓಣಿಯಲ್ಲಿ ಒಂದು ಹಳೇ ಹುಣಸೆ ಮರ ಇದೆ, ಒಂದು ಕೊಂಬೆ ಪೂರ್ತಿ ಒಣಗಿದೆ. ಅದಕ್ಕೆ ನಾನು ಕೈ ಹಾಕಿಲ್ಲ. ಪಂಚಾಯ್ತಿಗೂ ಅರಣ್ಯ ಇಲಾಖೆಗೂ ಫೋಟೋ ಸಮೇತ ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡಿದೀನಿ. ನೋಡಿದ್ದನ್ನ ಬರೆದು ಕೊಡೋದು ನಮ್ಮ ಕೆಲಸ, ಅಷ್ಟಾದ್ರೂ ಮಾಡಬೇಕು. ನಾಳೆ ಏನಾದ್ರೂ ಆದ್ರೆ ಗೊತ್ತಿರಲಿಲ್ಲ ಅಂತ ಯಾರೂ ಹೇಳೋಹಾಗಿಲ್ಲ.

ಓಣಿಗೆ ಹೊಂದಿದ ಹೊಲದೋರು ಹನ್ನೊಂದು ಜನ. ಎಲ್ಲರ ಮನೆಗೂ ಹೋದೆ. ಏಳು ಜನ ಒಪ್ಪಿದಾರೆ. ಇಬ್ರು ಬೆಂಗಳೂರಲ್ಲಿದಾರೆ, ನೀವೇ ಸವರಿಸಿ ಕೂಲಿ ಕೊಡ್ತೀವಿ ಅಂದ್ರು. ಇನ್ನಿಬ್ರು ನಕಾಶೆ ಸರಿಯಿಲ್ಲ ಅಂತಿದಾರೆ. ಅವರ ಜೊತೆ ಜಗಳ ಬೇಡ. ನಮ್ಮ ಕಡೆ ಅಗಲ ಆದದ್ದು ನೋಡಿ ಅವರೇ ಬರಬಹುದು, ಬರದಿದ್ರೆ ಸರ್ವೆಗೆ ಅರ್ಜಿ ಹಾಕೋದು ಇದ್ದೇ ಇದೆ.

ಆ ಹುಡುಗಿ ಮನೆಗೂ ಹೋಗಿದ್ದೆ. ಆಸ್ಪತ್ರೆ ಖರ್ಚಲ್ಲಿ ಒಂದು ಪಾಲು ನಾನು ಕೊಡ್ತೀನಿ ಅಂದೆ. ಅವರಪ್ಪ ಬೇಡ ಅಣ್ಣ ಅಂದ್ರು. ನಾನು ಬಲವಂತ ಮಾಡ್ತಿದ್ದಾಗ ಅಜ್ಜಿ ಒಳಗಿಂದ, "ದುಡ್ಡು ಮಡಿಕ್ಕೊಳಪ್ಪ. ಯುಗಾದಿಗೆ ಮುಂಚೆ ಒಂದ್ಸಲ, ಶ್ರಾವಣಕ್ಕೆ ಒಂದ್ಸಲ. ನಿಮ್ಮಪ್ಪ ಮಾಡ್ತಿದ್ದಂಗೆ" ಅಂದ್ರು. ಆಗಲಿ ಅಂತ ಹೇಳಿ ಬಂದಿದೀನಿ. ಎಲ್ಲರೂ ನೋಡಲಿ ಅಂತ ಇಲ್ಲಿ ಬರೆದೂ ಇಟ್ಟಿದೀನಿ, ಇನ್ನು ತಪ್ಪಿಸೋಹಾಗಿಲ್ಲ.

ನಿಮ್ಮ ನಿಮ್ಮ ಓಣಿಗೆ ಒಂದ್ಸಲ ಹೋಗಿ ನಿಮ್ಮ ಬಾಂದು ಕಲ್ಲು ಎಲ್ಲಿದೆ ನೋಡಿ. ಬೇಲಿ ಒಳಗೆ ನಿಂತು ನೋಡಬೇಡಿ, ದಾರಿ ಕಡೆಯಿಂದ ನೋಡಿ. ನಮ್ಮ ಓಣಿಯಲ್ಲಿ ಉಳಿದ ಬೇಲಿ ಸವರೋದು ಈ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ. ಅಕ್ಕಪಕ್ಕದ ಊರೋರು ಯಾರಾದ್ರೂ ಬರೋದಾದ್ರೆ ಮಚ್ಚು, ಕುಡುಗೋಲು ತನ್ನಿ. ತಿಂಡಿ, ಮಜ್ಜಿಗೆ ನಮ್ಮ ಮನೆಯದು.